ಬೆಲ್ಲಕ್ಕೆ ಬಿಳುಪು ಬೇಕೆಂದವರು ಯಾರು?

ಓದುಗರ ಪತ್ರದ ಸಾರ: ‘ರೈತರೂ ಗ್ರಾಹಕರೂ ಎದುರುಬದುರು ಕುಳಿತು ಮಾತನಾಡಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ಅದನ್ನು ಓದಿದ್ದರಿಂದಲೇ, ಮೈಸೂರಿಗೆ ಹೋಗುವಾಗ ಮದ್ದೂರು ದಾಟಿದ ಮೇಲೆ ಒಂದು ಆಲೆಮನೆಯ ಮುಂದೆ ಕಾರು ನಿಲ್ಲಿಸಿದೆ. ಕುದಿಯುವ ಕೊಪ್ಪರಿಗೆಗೆ ಬಿಳಿಯ ಪುಡಿಯೊಂದನ್ನು ಹಾಕುತ್ತಿದ್ದರು. ಏನೆಂದು ಕೇಳಿದಾಗ ಕೆಲಸದ ಹುಡುಗ “ಸೋಡಾ” ಎಂದ. ಅಷ್ಟರಲ್ಲಿ ಮಾಲೀಕರು ಬಂದು ಮಾತು ಮರೆಸಿ, ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿಕೊಟ್ಟರು. ಕೇಳಿದರೂ ಹೇಳದವರೊಡನೆ ಏನು ಮಾತನಾಡುವುದು? ನಮ್ಮ ಮನೆಗೆ ಬೆಲ್ಲ ತರುವುದನ್ನೇ ನಿಲ್ಲಿಸಿದ್ದೇನೆ.’ – ಬಸವನಗುಡಿಯ ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ

ಮಾನ್ಯರೇ,

ನಮ್ಮ ಲೇಖನವನ್ನು ಓದಿ ನಿಜವಾಗಿಯೂ ಕಾರು ನಿಲ್ಲಿಸಿದ ಓದುಗರು ಬಹುಶಃ ತಾವೊಬ್ಬರೇ. ಹೀಗಾಗಿ ತಮಗೆ ಆಲೆಮನೆಯಲ್ಲಿ ಸಿಗದ ಉತ್ತರವನ್ನು ಕೊಡಬೇಕಾದ ಹೊಣೆ ಈಗ ನಮ್ಮ ಮೇಲೆ ಬಿದ್ದಿದೆ.

ಮೊದಲು ಆ ಪುಡಿಯ ವಿಷಯ. ಕೊಪ್ಪರಿಗೆಗೆ ಬೀಳುವ ಬಿಳಿಯ ಪುಡಿ ಸಾಮಾನ್ಯವಾಗಿ ಸುಣ್ಣ, ಸೋಡಾ, ಹೈಡ್ರೋಸ್ ಈ ಮೂರರಲ್ಲಿ ಒಂದಾಗಿರುತ್ತದೆ. ಕಬ್ಬಿನ ಹಾಲಿನ ಹುಳಿಯನ್ನು ತಗ್ಗಿಸಿ, ಮಡ್ಡಿ ಮೇಲೆದ್ದು ಬರುವಂತೆ ಮಾಡಿ, ಬೆಲ್ಲ ಗಟ್ಟಿಯಾಗಿ ಕೂರಲು ಸಹಾಯ ಮಾಡುವುದು ಸುಣ್ಣ. ಇದು ಹಳೆಯ ಕಾಲದಿಂದ ನಡೆದುಬಂದಿರುವ ಕ್ರಮ. ಸೋಡಾ ಎಂದರೆ ನಾವು ಅಡುಗೆಮನೆಯಲ್ಲಿ ಬಳಸುವ ಸೋಡಾವೇ. ಆಹಾರಕ್ಕೆ ಯೋಗ್ಯವಾದ ದರ್ಜೆಯದಾಗಿರಬೇಕೆಂಬ ಷರತ್ತಿನ ಮೇಲೆ ಕಬ್ಬಿನ ಹಾಲನ್ನು ಶುದ್ಧಿ ಮಾಡಲು ಅದನ್ನು ಬಳಸುವುದಕ್ಕೆ ನಮ್ಮ ಆಹಾರ ಕಾನೂನಿನಲ್ಲೇ ಅವಕಾಶವಿದೆ. ಮೂರನೆಯದಾದ ಹೈಡ್ರೋಸ್ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಲ್ಲೂ ಬಳಕೆಯಲ್ಲಿರುವ, ಗಂಧಕದ ಸಂಬಂಧವುಳ್ಳ, ಬಣ್ಣ ಕಳೆಯುವ ರಾಸಾಯನಿಕ. ಅದರಿಂದ ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ ಒಂದು ಕಿಲೋಗೆ 70 ಮಿಲಿಗ್ರಾಂ ಮೀರಬಾರದೆಂದು ಕಾನೂನು ಗೆರೆ ಎಳೆದಿದೆ. ಆದರೆ ಕೈಯಂದಾಜಿನಲ್ಲಿ ಮುಷ್ಟಿ ತುಂಬಿ ಹಾಕುವ ಕಡೆ ಆ ಗೆರೆಯನ್ನು ಅಳೆಯುವವರು ಯಾರೂ ಇರುವುದಿಲ್ಲ. ಮೂರು ಪುಡಿಗಳೂ ಬೆಳ್ಳಗಿರುವುದರಿಂದ ಆ ಹುಡುಗ ನಿಜವನ್ನೇ ಹೇಳಿರಬಹುದು, ಹೇಳದೆಯೂ ಇರಬಹುದು. ಇಲ್ಲಿ ಕುಳಿತು ನಾನು ತೀರ್ಪು ಕೊಡಲಾರೆ. ಮಾಲೀಕರು ಮಾತು ಮರೆಸಿದ್ದನ್ನು ಮಾತ್ರ ನಾನು ಸಮರ್ಥಿಸುವುದಿಲ್ಲ.

ಆದರೆ ಅವರು ಏಕೆ ಮಾತು ಮರೆಸಿದರು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ. ಕಬ್ಬಿನ ಹಾಲನ್ನು ಪಾಕ ಬರುವವರೆಗೆ ಕಾಯಿಸಿದರೆ ಬರುವ ಸಹಜ ಬಣ್ಣ ಕಂದು, ಮತ್ತು ಆ ಕಂದು ಎಲ್ಲ ಹೊಲದಲ್ಲೂ ಒಂದೇ ಆಗಿರುವುದಿಲ್ಲ. ನೆಲ ಸವುಳಾಗಿದ್ದರೆ ಬೆಲ್ಲ ಕಪ್ಪಾಗುವುದಲ್ಲದೆ ನಾಲಗೆಗೆ ಉಪ್ಪೂ ತಾಗುತ್ತದೆ. ಕಟಾವು ಹತ್ತಿರವಾದಾಗ ಯೂರಿಯಾ ಸುರಿದಿದ್ದರೆ, ಕಬ್ಬು ಬಲಿಯುವ ಮೊದಲೇ ಕಡಿದಿದ್ದರೆ, ಅಥವಾ ಕಡಿದ ಕಬ್ಬು ಲಾರಿಗೋ ಕೂಲಿಗೋ ಕಾಯುತ್ತ ಎರಡು ಮೂರು ದಿನ ಬಿಸಿಲಲ್ಲಿ ಬಿದ್ದಿದ್ದರೆ ಬೆಲ್ಲ ಬಣ್ಣಗೆಡುತ್ತದೆ, ಸರಿಯಾಗಿ ಅಚ್ಚಿಗೂ ಕೂರುವುದಿಲ್ಲ. ಇಷ್ಟೆಲ್ಲ ಏರುಪೇರಿನ ಬೆಲ್ಲ ಮಾರುಕಟ್ಟೆಯ ಅಂಗಳಕ್ಕೆ ಬಂದಾಗ ವರ್ತಕರು ಮೊದಲು ನೋಡುವುದು ಬಣ್ಣವನ್ನು; ಹೊಂಬಣ್ಣಕ್ಕೆ ಒಂದು ಬೆಲೆ, ಕಂದಿಗೆ ಇನ್ನೊಂದು. ವರ್ತಕರನ್ನು ಕೇಳಿದರೆ ಅಂಗಡಿಯವರತ್ತ, ಅಂಗಡಿಯವರನ್ನು ಕೇಳಿದರೆ ನಮ್ಮ ನಿಮ್ಮತ್ತ ಬೊಟ್ಟು ಮಾಡುತ್ತಾರೆ. ಪಾಯಸಕ್ಕೆ ಬೆಳ್ಳಗಿನ ಬೆಲ್ಲವೇ ಬೇಕೆಂದು ಆರಿಸಿಕೊಂಡ ಪ್ರತಿ ಸಲವೂ ನಾವು ಬಾಯಿಬಿಡದೆ ಆಲೆಮನೆಗೆ ಒಂದು ಮಾತು ಹೇಳಿಕಳಿಸಿದ್ದೇವೆ, ಮತ್ತು ಆಲೆಮನೆ ಆ ಮಾತಿಗೆ ಹೈಡ್ರೋಸ್‌ನಲ್ಲಿ ಉತ್ತರ ಕೊಟ್ಟಿದೆ. ತಮಾಷೆಯೆಂದರೆ ಆ ಬಿಳುಪು ಉಳಿಯುವುದೂ ಇಲ್ಲ. ಕೆಲವು ತಿಂಗಳು ಡಬ್ಬಿಯಲ್ಲಿಟ್ಟರೆ ಅಂಥ ಬೆಲ್ಲ ಮತ್ತೆ ಕಪ್ಪಾಗುತ್ತ ಹೋಗುತ್ತದೆ.

ಇಲ್ಲಿ ನಮ್ಮದೊಂದು ತಪ್ಪೊಪ್ಪಿಗೆಯೂ ಇದೆ. ಕಳೆದ ಸಂಚಿಕೆಯ ಮುಖಪುಟಕ್ಕೆ ಎರಡು ಚಿತ್ರಗಳು ಬಂದಿದ್ದವು: ಒಂದರಲ್ಲಿ ಕಂದು ಉಂಡೆಗಳು, ಇನ್ನೊಂದರಲ್ಲಿ ನಿಂಬೆಯ ಬಣ್ಣದ ಅಚ್ಚುಗಳು. ‘ಎದ್ದು ಕಾಣುತ್ತದೆ’ ಎಂದು ಎರಡನೆಯದನ್ನು ಆರಿಸಿದವನು ನಾನೇ. ಒಳಗಿನ ಪುಟದಲ್ಲಿ ಸಂವಾದದ ಅಗತ್ಯವನ್ನು ಕುರಿತು ನಾಲ್ಕು ಪುಟ ಬರೆದು, ಹೊರಪುಟದಲ್ಲಿ ಮಂಡಿಯ ವರ್ತಕರ ಕಣ್ಣಿನಿಂದಲೇ ಬೆಲ್ಲ ನೋಡಿದ್ದೇನೆ.

ತಮ್ಮ ಪತ್ರದಲ್ಲಿ ಇನ್ನೊಂದು ಮಾತಿದೆ. ನಮ್ಮ ಲೇಖನ ಹೇಳಿದ ‘ರೈತರು’ ಆ ಆಲೆಮನೆಯ ಮಾಲೀಕರೇ ಎಂದು ತಾವು ಎಣಿಸಿದಂತಿದೆ. ಅವರು ರೈತರೂ ಆಗಿರಬಹುದು. ಆದರೆ ಮಂಡ್ಯ ಸೀಮೆಯಲ್ಲಿ ತನ್ನ ಕಬ್ಬನ್ನು ತನ್ನ ಗಾಣದಲ್ಲೇ ಅರೆದು ಬೆಲ್ಲ ಮಾಡುವ ಕುಟುಂಬಗಳು ಈಗ ವಿರಳ. ಬಹಳಷ್ಟು ರೈತರು ಕಬ್ಬನ್ನು ಕಾರ್ಖಾನೆಗೋ ಆಲೆಮನೆಗೋ ಟನ್ ಲೆಕ್ಕದಲ್ಲಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ತೂಕಕ್ಕೆ ಹಣ ಬರುವಾಗ ಅವರು ತೂಕ ಬರುವ ತಳಿಯನ್ನೇ ನೆಡುತ್ತಾರೆಯೇ ಹೊರತು ಒಳ್ಳೆಯ ಬೆಲ್ಲ ಕೊಡುವ ತಳಿಯನ್ನು ಹುಡುಕುವುದಿಲ್ಲ. ಆಲೆಮನೆ ನಡೆಸುವವರು ಬೇರೆ; ಒಲೆಯ ಮುಂದೆ ನಿಲ್ಲುವ ಕೆಲಸಗಾರರಲ್ಲಿ ಉತ್ತರ ಭಾರತದಿಂದ ಬಂದವರೂ ಇದ್ದಾರೆ, ಅವರಿಗೆ ತಮ್ಮ ಕನ್ನಡದ ಪ್ರಶ್ನೆ ಅರ್ಧ ಮಾತ್ರ ತಿಳಿದಿರಲೂಬಹುದು. ಹೀಗಿರುವಾಗ ಬೆಲ್ಲದ ಪೂರ್ತಿ ಕಥೆಯನ್ನು ಹೇಳಬಲ್ಲ ಒಬ್ಬ ಮನುಷ್ಯ ಆ ರಸ್ತೆಬದಿಯಲ್ಲಿ ತಮಗೆ ಸಿಕ್ಕದಿದ್ದರೆ ಆಶ್ಚರ್ಯವಿಲ್ಲ. ಹೊಲ ಬಲ್ಲವರಿಗೆ ಪುಡಿಯ ವಿಷಯ ತಿಳಿಯದು, ಪುಡಿ ಹಾಕುವವರಿಗೆ ಹೊಲದ ವಿಷಯ ತಿಳಿಯದು. ನಮ್ಮ ಲೇಖನ ಈ ತೊಡಕನ್ನು ಹೇಳದೆ, ರೈತ ಮತ್ತು ಗ್ರಾಹಕ ಎಂಬ ಎರಡೇ ಕುರ್ಚಿ ಹಾಕಿ ಮುಗಿಸಿತ್ತು.

ಹಾಗಾದರೆ ಕಪ್ಪು ಬೆಲ್ಲ ಕೊಂಡರೆ ಸಾಕೇ ಎಂದು ಕೆಲವು ಓದುಗರು ಕೇಳಿದ್ದಾರೆ. ಸಾಲದು. ನಗರದ ಅಂಗಡಿಗಳಲ್ಲಿ ಕಪ್ಪು ಬೆಲ್ಲಕ್ಕೆ ‘ಸಾವಯವ’ ಎಂಬ ಹೆಸರಿನಲ್ಲಿ ಹೆಚ್ಚು ಬೆಲೆ ಸಿಗತೊಡಗಿದ ಮೇಲೆ, ಹೊತ್ತಿದ ಪಾಕದ ಬೆಲ್ಲಕ್ಕೂ ಅದೇ ಚೀಟಿ ಅಂಟಿಸುವುದು ಕಷ್ಟದ ಕೆಲಸವೇನೂ ಅಲ್ಲ. ಒಂದು ಬಣ್ಣದ ಬದಲು ಇನ್ನೊಂದು ಬಣ್ಣವನ್ನು ನಂಬಿದರೆ ಮಾರುವವರು ಆ ಬಣ್ಣವನ್ನೂ ಮಾಡಿಕೊಡುತ್ತಾರೆ.

ತಾವು ಬಸವನಗುಡಿಯವರಾದ್ದರಿಂದ ಕಡಲೆಕಾಯಿ ಪರಿಷೆಯನ್ನು ನೆನಪಿಸುತ್ತೇನೆ. ಕಾರ್ತಿಕದ ಕೊನೆಯ ಸೋಮವಾರ ಅಲ್ಲಿ ಯಾರೂ ಬಾಯಿಮುಚ್ಚಿಕೊಂಡು ಕಾಯಿ ಕೊಳ್ಳುವುದಿಲ್ಲ. ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡು, ಎಲ್ಲಿಯದು, ಎಷ್ಟು ದಿನವಾಯಿತು, ಈ ಸಲ ಮಳೆ ಹೇಗಿತ್ತು ಎಂದು ಕೇಳಿಯೇ ಸೇರು ಅಳೆಸುತ್ತೇವೆ. ಕಾಯಿ ಜೊಳ್ಳಾಗಿದ್ದರೆ ‘ಮಳೆ ಕೈಕೊಟ್ಟಿತಮ್ಮ’ ಎಂದು ಮಾರುವವರೇ ಒಪ್ಪಿಕೊಳ್ಳುವುದೂ ಉಂಟು, ಏಕೆಂದರೆ ಹಾಗೆ ಒಪ್ಪಿಕೊಂಡರೂ ಕೊಳ್ಳುವವರು ಎದ್ದು ಹೋಗುವುದಿಲ್ಲವೆಂಬ ಧೈರ್ಯ ಅವರಿಗಿದೆ. ಆಲೆಮನೆಯ ಮಾಲೀಕರಿಗೆ ಆ ಧೈರ್ಯವಿಲ್ಲ. ‘ಹೌದು, ಹೈಡ್ರೋಸ್ ಹಾಕುತ್ತೇನೆ’ ಎಂದರೆ ತಾವು ಕಾರು ಹತ್ತುತ್ತೀರಿ. ‘ಹಾಕುವುದಿಲ್ಲ, ಆದ್ದರಿಂದಲೇ ಇದು ಕಂದು’ ಎಂದರೆ ಮಂಡಿಯವರು ಬೆಲೆ ಇಳಿಸುತ್ತಾರೆ. ಎರಡು ಕಡೆಯೂ ನಷ್ಟವಾಗುವಾಗ ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿಕೊಟ್ಟು ಸುಮ್ಮನಾಗುವುದು ಸುಲಭ.

ಹೈಡ್ರೋಸ್ ಇಲ್ಲದೆ ಬೆಲ್ಲ ಮಾಡುವ ವಿದ್ಯೆಯೇನೂ ಕಳೆದುಹೋಗಿಲ್ಲ. ಬೆಂಡೆ ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ನೆನೆಸಿ, ಬಿಟ್ಟುಕೊಂಡ ಲೋಳೆಯನ್ನು ಕಾಯುವ ಕಬ್ಬಿನ ಹಾಲಿಗೆ ಹಾಕಿದರೆ ಮಡ್ಡಿ ಗಂಟುಕಟ್ಟಿ ಮೇಲೆ ತೇಲುತ್ತದೆ, ಅದನ್ನು ಜಾಲರಿಯಿಂದ ತೆಗೆಯುತ್ತ ಹೋಗಬೇಕು. ನೊರೆ ಉಕ್ಕಿದರೆ ಒಂದು ತೊಟ್ಟು ಹರಳೆಣ್ಣೆ ಸಾಕು. ಇದಕ್ಕೆ ಹೆಚ್ಚು ಹೊತ್ತು ಬೇಕು, ಕೈಗಳು ಹೆಚ್ಚು ಬೇಕು, ಕಬ್ಬೂ ಹೊಸದಾಗಿರಬೇಕು. ಬೆಲ್ಲ ಕಂದಾಗಿಯೇ ಬರುತ್ತದೆ. ಯಾವ ಬೆಲ್ಲವೇ ಆದರೂ ಮಳೆಗಾಲದಲ್ಲಿ ಮುಚ್ಚಳ ಸರಿಯಾಗಿ ಹಾಕದಿದ್ದರೆ ನೀರಾಡುತ್ತದೆಂಬುದನ್ನೂ ಈಗಲೇ ಹೇಳಿಬಿಡುತ್ತೇನೆ, ಆಗ ಮತ್ತೊಂದು ಪತ್ರ ಬರುವುದು ಬೇಡ.

ಆದ್ದರಿಂದ ತಮಗೆ ಒಂದು ಲೆಕ್ಕ ಒಪ್ಪಿಸುತ್ತೇನೆ. ಒಂದು ಟನ್ ಕಬ್ಬಿಗೆ ಸುಮಾರು 100 ಕಿಲೋ ಬೆಲ್ಲ ಬರುತ್ತದೆ. ತಮ್ಮ ಬೀದಿಯಲ್ಲಿ 20 ಮನೆಯವರು ತಲಾ 5 ಕಿಲೋ ತೆಗೆದುಕೊಳ್ಳುತ್ತೇವೆಂದು ಮುಂಗಡ ಕೊಟ್ಟರೆ, ಒಂದು ಟನ್ ಕಬ್ಬಿನ ಬೆಲ್ಲಕ್ಕೆ ಮಂಡಿಯ ಕಣ್ಣು ತಾಗುವುದಿಲ್ಲ. ಕಬ್ಬು ಯಾರದು, ಯಾವ ದಿನ ಕಡಿದದ್ದು, ಎಷ್ಟು ಹೊತ್ತಿಗೆ ಅರೆದದ್ದು, ಕೊಪ್ಪರಿಗೆಗೆ ಏನೇನು ಬಿತ್ತು ಎಂಬುದನ್ನು ಹೊಲದವರೂ ಆಲೆಮನೆಯವರೂ ತಮ್ಮ ಮುಂದೆ ಹೇಳಬೇಕು. ಬಣ್ಣ ಹೇಗೆ ಬಂದರೂ ತಾವು ಹಿಂದಿರುಗಿಸಬಾರದು. ಒಪ್ಪುವ ಆಲೆಮನೆಯೊಂದನ್ನು ಮಂಡ್ಯದ ಸುತ್ತ ಹುಡುಕಿಕೊಡುವ ಕೆಲಸ ನಮ್ಮದು. 20 ಮನೆಗಳ ಪಟ್ಟಿ ತಮ್ಮದು. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಬೇಕೆಂದರೆ ಪರಿಷೆಯ ಹೊತ್ತಿಗಾದರೂ ಪಟ್ಟಿ ನಮ್ಮ ಕೈಸೇರಬೇಕು. ಇಪ್ಪತ್ತೊಂದನೆಯ ಮನೆಯಾಗಿ ನನ್ನ ಮನೆಯನ್ನೂ ಬರೆದುಕೊಳ್ಳಿ.

– ಸಂಪಾದಕ