ಷರತ್ತಿನ ಪುಟ ಓದಿದವರು ಯಾರು?

ತುಮಕೂರಿನ ಓದುಗರೊಬ್ಬರು ಬರೆದಿದ್ದಾರೆ: “ಅಮೆರಿಕದ ಗವರ್ನರ್‌ಗಳು ತಾವೇ ಕಂಪನಿಗಳ ಬಾಗಿಲಿಗೆ ಹೋಗಿ ಕಾರ್ಖಾನೆ ತರುತ್ತಾರೆ. ನಮ್ಮವರು ಹೋದರೆ ಮಾತ್ರ ನೀವು ಮೂಗು ಮುರಿಯುತ್ತೀರಿ. ಯಾಕೆ?”

ಹೋಗಿ ಕೇಳದೆ ಯಾವ ಕಂಪನಿಯೂ ಬರುವುದಿಲ್ಲ, ಅದನ್ನು ಒಪ್ಪುತ್ತೇವೆ. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರ ಹಾಗಲ್ಲ. ಜನರಿಂದ ಆರಿಸಿ ಬಂದವರು, ನಮ್ಮ ಮುಖ್ಯಮಂತ್ರಿಗೆ ಸಮ. ಆದರೆ ನೀವು ಮೆಚ್ಚಿದ ಮಾದರಿಯನ್ನು ಸ್ವಲ್ಪ ಒಳಹೊಕ್ಕು ನೋಡಬೇಕು.

ವಿಸ್ಕಾನ್ಸಿನ್ ರಾಜ್ಯದ ಗವರ್ನರ್ ಸ್ಕಾಟ್ ವಾಕರ್ 2011ರಲ್ಲಿ ವಾಣಿಜ್ಯ ಇಲಾಖೆಯನ್ನೇ ಮುಚ್ಚಿ ಅದರ ಜಾಗಕ್ಕೆ ಕಂಪನಿಗಳಿಗೆ ನೆರವು ಕೊಡುವ ಅಭಿವೃದ್ಧಿ ನಿಗಮವೊಂದನ್ನು ತಂದರು. ಆರಂಭದ ವರ್ಷಗಳಲ್ಲಿ ಅದರ ಮಂಡಳಿಗೆ ಅವರೇ ಅಧ್ಯಕ್ಷ. ನೆರವು ಹಂಚುವವರೂ ಅವರೇ, ಅದರ ಮೇಲೆ ಕಣ್ಣಿಡಬೇಕಾದವರೂ ಅವರೇ. ನೆರವು ಪಡೆದವರಿಂದ ಸಂಬಳದ ಪಟ್ಟಿಯನ್ನೂ ತರಿಸಿಕೊಳ್ಳದೆ ಉದ್ಯೋಗದ ಲೆಕ್ಕ ಒಪ್ಪಲಾಗುತ್ತಿದೆ ಎಂದು 2015ರ ಲೆಕ್ಕಪರಿಶೋಧನೆ ಹೇಳಿತು.

2017ರಲ್ಲಿ ಎಲೆಕ್ಟ್ರಾನಿಕ್ಸ್ ತಯಾರಿಸುವ ತೈವಾನಿನ ಕಂಪನಿ ಫಾಕ್ಸ್‌ಕಾನ್ ಬಂತು. 1,000 ಕೋಟಿ ಡಾಲರ್ ಹೂಡಿಕೆ, 13,000 ಉದ್ಯೋಗದ ಮಾತು. ಪ್ರತಿಯಾಗಿ ರಾಜ್ಯದಿಂದ ಸುಮಾರು 300 ಕೋಟಿ ಡಾಲರ್. ಅದನ್ನು ತೆರಿಗೆ ವಿನಾಯಿತಿ ಎಂದು ಕರೆದರು. ಆದರೆ ವಿಸ್ಕಾನ್ಸಿನ್‌ನಲ್ಲಿ ತಯಾರಿಕಾ ಕಂಪನಿಗಳ ಆದಾಯ ತೆರಿಗೆ ಆಗಲೇ ಸೊನ್ನೆಯ ಹತ್ತಿರ ಇಳಿದಿತ್ತು. ಕಡಿತ ಮಾಡಲು ತೆರಿಗೆಯೇ ಇಲ್ಲದಾಗ ಮರುಪಾವತಿ ಬಗೆಯ ವಿನಾಯಿತಿ ಖಜಾನೆಯಿಂದ ಚೆಕ್ಕಾಗಿಯೇ ಹೋಗುತ್ತದೆ. ಫಾಕ್ಸ್‌ಕಾನ್ ಕೊಡುವ ಸಂಬಳದ ಶೇ 17, ಹೂಡುವ ಬಂಡವಾಳದ ಶೇ 15 ಹೀಗೆ ಸಿಗಬೇಕಿತ್ತು: ಇತರರಿಗೆ ಇದ್ದ ದರ ಶೇ 7 ಮತ್ತು ಶೇ 10. ಹಾಕಿದ ಹಣ ಮರಳಲು 2043 ಆಗಬೇಕು ಎಂದು ಶಾಸನಸಭೆಯ ಹಣಕಾಸು ಕಚೇರಿಯೇ ಲೆಕ್ಕ ಕೊಟ್ಟಿತ್ತು. ಆದರೂ ಸಹಿ ಬಿತ್ತು.

ಮುಗ್ಗರಿಸಿದ್ದು ಎಲ್ಲಿ? ಒಪ್ಪಂದದಲ್ಲಿದ್ದದ್ದು ‘10.5ನೇ ತಲೆಮಾರಿನ’, ಅಂದರೆ ಟಿವಿಗೆ ಬೇಕಾದ ದೊಡ್ಡ ಪರದೆಗಳ ಕಾರ್ಖಾನೆ. ಅದಕ್ಕೆ ಬೇಕಾದ ಗಾಜಿನ ಹಾಳೆ ಸುಮಾರು 3 ಮೀಟರ್‌ಗೆ 3.4 ಮೀಟರ್; ದೂರದಿಂದ ಸಾಗಿಸಲಾಗದು, ಪಕ್ಕದಲ್ಲೇ ಗಾಜಿನ ಕುಲುಮೆ ಬೇಕು. ಕುಲುಮೆ ಬರಲಿಲ್ಲ, ಯೋಜನೆ ಕುಗ್ಗುತ್ತಾ ಹೋಯಿತು. 2018ರ ಕನಿಷ್ಠ ಗುರಿ ಬರೀ 260 ಉದ್ಯೋಗ, ಅದನ್ನೂ ಮುಟ್ಟಲಿಲ್ಲ. ಕಟ್ಟುತ್ತಿರುವುದು ಒಪ್ಪಂದದಲ್ಲಿ ಬರೆದ ಕಾರ್ಖಾನೆಯೇ ಅಲ್ಲ ಎಂದು 2020ರಲ್ಲಿ ರಾಜ್ಯ ಹಣ ನಿಲ್ಲಿಸಿತು. 2021ರ ಹೊಸ ಒಪ್ಪಂದದಲ್ಲಿ ಉಳಿದದ್ದು 1,454 ಉದ್ಯೋಗ, 67.2 ಕೋಟಿ ಡಾಲರ್ ಹೂಡಿಕೆ, ಗರಿಷ್ಠ 8 ಕೋಟಿ ಡಾಲರ್ ನೆರವು.

ರಾಜ್ಯದ ಖಜಾನೆ ಉಳಿದದ್ದು ಎರಡು ಸಾಲುಗಳಿಂದ: ಕೆಲಸ ಕೊಟ್ಟ ಮೇಲಷ್ಟೇ ಹಣ, ಏನು ಕಟ್ಟಬೇಕೆಂಬ ಸ್ಪಷ್ಟ ವಿವರಣೆ. ಮೌಂಟ್ ಪ್ಲೆಸೆಂಟ್ ಎಂಬ ಊರಿಗೆ ಆ ರಕ್ಷಣೆ ಇರಲಿಲ್ಲ. ಅದು ಸಾಲ ಮಾಡಿ ಜಮೀನು ಕೊಂಡಿತು, ಕೊಳವೆ ಹಾಕಿತು, ರಸ್ತೆ ಮಾಡಿತು. ಹತ್ತಾರು ಮನೆಗಳನ್ನು ಎಬ್ಬಿಸಿತು. ಕೂಸು ಹುಟ್ಟುವ ಮುಂಚೆ ಕುಲಾವಿಯ ಖರ್ಚು ಬಿದ್ದದ್ದು ಊರಿನ ಮೇಲೆ. ಆ ನೆಲದ ಒಂದು ಭಾಗ ಮುಂದೆ ಮೈಕ್ರೋಸಾಫ್ಟ್‌ನ ಡೇಟಾ ಸೆಂಟರ್‌ಗೆ ಸಿಕ್ಕಿತು, ಸರಿ. ಎಬ್ಬಿಸಿದ ಮನೆಗಳೇನೂ ಮರಳಲಿಲ್ಲ.

ಅದೇ ಕಂಪನಿಗೆ ನಮ್ಮಲ್ಲಿ ದೇವನಹಳ್ಳಿ ಬಳಿ 300 ಎಕರೆ ಸಿಕ್ಕಿದೆ. ಅಲ್ಲಿ ಐಫೋನ್ ತಯಾರಾಗುತ್ತಿರುವುದು ನಮಗೂ ಸಂತೋಷವೇ. ನಮ್ಮ ತಕರಾರು ಹೂಡಿಕೆದಾರರ ಸಮಾವೇಶಗಳ ಬಗ್ಗೆ. 2010ರಿಂದಲೂ ಅಲ್ಲಿ ಕೋಟಿಗಳ ಮೊತ್ತ ದೊಡ್ಡ ಅಕ್ಷರದಲ್ಲಿ ಅಚ್ಚಾಗುತ್ತದೆ, ಷರತ್ತಿನ ಪುಟ ಯಾರ ಕೈಗೂ ಬರುವುದಿಲ್ಲ. ಅಲ್ಲಿ ಸಹಿಯಾಗುವ ಒಡಂಬಡಿಕೆ ಪತ್ರ (ಎಂಒಯು) ಕಂಪನಿಯನ್ನು ಯಾವುದಕ್ಕೂ ಕಟ್ಟಿಹಾಕುವುದಿಲ್ಲ. ಭೂಮಿ ಕಳೆದುಕೊಂಡ ರೈತನಿಗೆ ಹಿಂದೆ ಸರಿಯುವ ಆ ಸ್ವಾತಂತ್ರ್ಯ ಎಲ್ಲಿದೆ?

ನಿಮ್ಮ ಜಿಲ್ಲೆಯಲ್ಲೇ ವಸಂತನರಸಾಪುರ ಕೈಗಾರಿಕಾ ಪ್ರದೇಶವಿದೆ. ಇಷ್ಟು ಕಾಳಜಿಯಿಂದ ಪತ್ರ ಬರೆದವರು 10 ರೂಪಾಯಿ ಕಟ್ಟಿ ಒಂದು ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಿ. ಒಂದೇ ವಿಷಯ, 150 ಪದಗಳ ಒಳಗೆ. ಯಾವುದಾದರೂ ಒಂದು ನಿವೇಶನದ ಗುತ್ತಿಗೆ ಕರಾರಿನ ಪ್ರತಿ, ಸ್ವಾಧೀನ ಕೊಟ್ಟ ದಿನಾಂಕ, ಘಟಕ ಶುರುಮಾಡಲು ಕೊಟ್ಟ ಗಡುವು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬಂದದ್ದನ್ನು ನಮಗೆ ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇವೆ.

— ಸಂಪಾದಕ