ತೊಂದರೆ ಇರುವುದು ಎಲ್ಲಿ? ಮೆದುಳು, ನರಗಳ ಬಗ್ಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: "ನರ ವೀಕ್ ಆಗಿದೆಯಾ ಡಾಕ್ಟ್ರೇ?" ಇದಕ್ಕೆ ಹೌದು ಅಥವಾ ಇಲ್ಲ ಅಂತ ಸುಮ್ನೆ ಹೇಳಿಬಿಡೋಕೆ ಆಗಲ್ಲ. ನರಗಳ ವಿಷಯದಲ್ಲಿ ಮೊದಲು ಹುಡುಕಬೇಕಾದ್ದು ತೊಂದರೆ ಇರುವ ಜಾಗ. ಮೆದುಳಿನಲ್ಲೋ, ಬೆನ್ನುಹುರಿಯಲ್ಲೋ, ಅಲ್ಲಿಂದ ಹೊರಟು ಕೈಕಾಲಿಗೆ ಹೋಗುವ ನರದಲ್ಲೋ? ಒಂದೇ ಥರದ ಜೋಮು ಈ ಮೂರರಲ್ಲಿ ಎಲ್ಲಿಂದ ಬೇಕಾದರೂ ಬರಬಹುದು, ಚಿಕಿತ್ಸೆ ಮಾತ್ರ ಮೂರಕ್ಕೂ ಬೇರೆ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಆ "ಎಲ್ಲಿ" ಅನ್ನೋದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಕಾಲ್ಬೆರಳು ಮಂಚಕ್ಕೆ ಬಡಿದಾಗ ಮೊದಲು ಚುರ್ ಅನ್ನುತ್ತದೆ, ಸ್ವಲ್ಪ ಬಿಟ್ಟು ಉರಿಯುವ ನೋವು ಬರುತ್ತದೆ. ನನಗೆ ಮಾತ್ರ ಹೀಗಾ? ಉಜ್ಜಿದರೆ ಕಡಿಮೆ ಆಗೋದು ಬರೀ ಭ್ರಮೆಯಾ?

ಎಲ್ಲರಿಗೂ ಹೀಗೇ ಆಗುತ್ತದೆ, ಗಮನಿಸುವವರು ಕಡಿಮೆ ಅಷ್ಟೇ. ಒಂದು ನರದೊಳಗೆ ಸಾವಿರಾರು ತಂತುಗಳಿರುತ್ತವೆ, ಎಲ್ಲದರ ವೇಗ ಒಂದೇ ಇರುವುದಿಲ್ಲ. ನೋವಿನ ಸುದ್ದಿ ತರುವ ತಂತುಗಳಲ್ಲಿ ಮುಖ್ಯವಾಗಿ ಎರಡು ಥರ. ಒಂದರ ಮೇಲೆ ಮಯಲಿನ್ ಅನ್ನುವ ಕೊಬ್ಬಿನ ಪದರ ತೆಳ್ಳಗೆ ಸುತ್ತಿಕೊಂಡಿರುತ್ತದೆ, ಅದರಲ್ಲಿ ಸಂಕೇತ ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ. ಇನ್ನೊಂದು ಇನ್ನೂ ಸಣ್ಣದು, ಮೇಲೆ ಪದರವೂ ಇಲ್ಲ. ಅದರ ವೇಗ ಸೆಕೆಂಡಿಗೆ ಅರ್ಧದಿಂದ 2 ಮೀಟರ್, ನಾವು ನಡೆದುಕೊಂಡು ಹೋಗುವಷ್ಟು. ದೊಡ್ಡವರಲ್ಲಿ ಕಾಲ್ಬೆರಳಿನಿಂದ ಬೆನ್ನುಹುರಿಗೆ ಹೆಚ್ಚುಕಡಿಮೆ ಒಂದು ಮೀಟರ್ ದಾರಿ. ಹಾಗಾಗಿ ಚುರ್ ಅನ್ನುವ ನೋವು ತಕ್ಷಣ ತಲುಪುತ್ತದೆ, ಉರಿ ಬಂದು ಮುಟ್ಟೋಕೆ ಸುಮಾರು ಒಂದು ಸೆಕೆಂಡ್ ಹಿಡಿಯುತ್ತದೆ.

ನೀವು ಗಮನಿಸಿರಲಿಕ್ಕಿಲ್ಲ, ಕಾಲು ಹಿಂದಕ್ಕೆ ಎಳೆದುಕೊಂಡಿದ್ದು ಅದಕ್ಕೂ ಮೊದಲೇ. ಆ ಆದೇಶ ಮೆದುಳಿನಿಂದ ಬರುವುದಿಲ್ಲ. ಸುದ್ದಿ ಬೆನ್ನುಹುರಿಗೆ ಮುಟ್ಟಿದ ಕೂಡಲೇ ಅಲ್ಲಿಂದಲೇ ಸ್ನಾಯುಗಳಿಗೆ ಆದೇಶ ಹೋಗುತ್ತದೆ, "ನೋವು" ಅಂತ ಮೆದುಳಿಗೆ ಅನ್ನಿಸುವುದು ಆಮೇಲೆ.

ಮಯಲಿನ್ ಇದ್ದರೆ ವೇಗ ಯಾಕೆ ಜಾಸ್ತಿ? ಆ ಪದರ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ, ನಡುನಡುವೆ ಸಣ್ಣ ಸಣ್ಣ ಬಿಡುವು ಇರುತ್ತದೆ. ಪದರ ಇಲ್ಲದ ತಂತುವಿನಲ್ಲಿ ವಿದ್ಯುತ್ ಸಂಕೇತ ಪ್ರತಿ ಚುಕ್ಕೆಯಲ್ಲೂ ಹೊಸದಾಗಿ ಹುಟ್ಟಬೇಕು. ಪದರ ಇದ್ದ ಕಡೆ ಆ ಬಿಡುವುಗಳಲ್ಲಿ ಮಾತ್ರ ಹುಟ್ಟಿದರೆ ಸಾಕು, ಒಂದರಿಂದ ಇನ್ನೊಂದಕ್ಕೆ ಜಿಗಿದುಕೊಂಡು ಹೋಗುತ್ತದೆ. ದಪ್ಪ ಪದರದ ತಂತುಗಳಲ್ಲಿ ಇದು ಸೆಕೆಂಡಿಗೆ 120 ಮೀಟರ್ ತನಕ ಹೋಗುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು, ಬೆನ್ನುಹುರಿಗಳಲ್ಲಿರುವ ಈ ಪದರದ ಮೇಲೆ ಬೀಳುತ್ತದೆ, ಆಗ ಸಂಕೇತ ನಿಧಾನ ಆಗುತ್ತದೆ ಅಥವಾ ದಾರಿಯಲ್ಲೇ ನಿಂತುಹೋಗುತ್ತದೆ.

ಈ ವೇಗವನ್ನು ಮೊದಲು ಅಳೆದವರು ಹರ್ಮನ್ ಹೆಲ್ಮ್‌ಹೋಲ್ಟ್ಸ್, 1850ರಲ್ಲಿ. ಕಪ್ಪೆಯ ಕಾಲಿನ ನರವನ್ನು ಸ್ನಾಯುವಿನ ಹತ್ತಿರ ಒಮ್ಮೆ, ದೂರದಲ್ಲಿ ಒಮ್ಮೆ ವಿದ್ಯುತ್ತಿನಿಂದ ಕೆಣಕಿ, ಸ್ನಾಯು ಸೆಟೆಯೋಕೆ ಹಿಡಿದ ಸಮಯದ ವ್ಯತ್ಯಾಸ ನೋಡಿದರು. ಸೆಕೆಂಡಿಗೆ ಸುಮಾರು 27 ಮೀಟರ್ ಅಂತ ಬಂತು. ಅವರ ಗುರು ಯೋಹಾನಸ್ ಮ್ಯೂಲರ್ ಇದನ್ನು ಅಳೆಯೋಕೇ ಆಗಲ್ಲ ಅಂದುಕೊಂಡಿದ್ದರು!

ಇನ್ನು ಉಜ್ಜುವುದು. ಭ್ರಮೆ ಅಲ್ಲ. ಸ್ಪರ್ಶದ ಸುದ್ದಿ ತರುವ ದಪ್ಪ ತಂತುಗಳು ಬೆನ್ನುಹುರಿಯಲ್ಲಿ ನೋವಿನ ಸುದ್ದಿಯ ಜೋರನ್ನು ತಗ್ಗಿಸುತ್ತವೆ. ಇದನ್ನು 1965ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಹೇಳಿದರು. ಅವರು ಕೊಟ್ಟ ವಿವರಗಳಲ್ಲಿ ಕೆಲವು ಆಮೇಲೆ ಬದಲಾದವು, ಮೂಲ ವಿಚಾರ ಇವತ್ತಿಗೂ ಉಳಿದಿದೆ.

ಪ್ರಶ್ನೆ: ತಂದೆಗೆ ಸ್ಟ್ರೋಕ್ ಆಗಿ ಎರಡು ತಿಂಗಳಾಯಿತು. ಬಲಗೈ, ಬಲಗಾಲಿಗೆ ಶಕ್ತಿ ಕಡಿಮೆ. ನಾವು ಹೇಳಿದ್ದು ಅರ್ಥ ಆಗುತ್ತದೆ, ಆದರೆ ಒಂದೆರಡು ಪದಕ್ಕಿಂತ ಜಾಸ್ತಿ ಮಾತು ಬರ್ತಿಲ್ಲ. ಸಿಟ್ಟು ಬಂದಾಗ ಮಾತ್ರ ಬೈಗುಳ ಸರಾಗವಾಗಿ ಬರುತ್ತದೆ! ಬುದ್ಧಿಗೂ ಪೆಟ್ಟಾಗಿದೆಯಾ? ಮಾತು ವಾಪಸ್ ಬರುತ್ತದಾ?

ಮೊದಲು ಜಾಗ ನೋಡೋಣ. ಮೆದುಳಿನಿಂದ ಕೈಕಾಲಿಗೆ ಇಳಿಯುವ ತಂತುಗಳಲ್ಲಿ ಹೆಚ್ಚಿನವು ಮೆದುಳುಕಾಂಡದ ಕೆಳತುದಿಯಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ. ಹಾಗಾಗಿ ಬಲಗಡೆ ಬಲಹೀನ ಆಗಿದೆ ಅಂದರೆ ಪೆಟ್ಟು ಎಡ ಮೆದುಳಿಗೆ. ಬಲಗೈಯವರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಜನರಿಗೆ ಭಾಷೆ ಇರುವುದೂ ಎಡಗಡೆಯೇ, ಎಡಗೈಯವರಲ್ಲೂ ಬಹುಪಾಲು ಜನರಿಗೆ ಹಾಗೆಯೇ. ಬಲಗೈ ಮತ್ತು ಮಾತು ಒಟ್ಟಿಗೆ ಹೋಗಿದ್ದು ಅದಕ್ಕೇ.

ಅರ್ಥ ಆಗುತ್ತದೆ, ಆಡೋಕೆ ಆಗಲ್ಲ ಅಂತ ಬರೆದಿದ್ದೀರಲ್ಲ, ಅದು ಜಾಗವನ್ನು ಇನ್ನೂ ಹತ್ತಿರ ತೋರಿಸುತ್ತದೆ. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ನೋಡಿದರು. ಆತನ ಬಾಯಲ್ಲಿ ಬರುತ್ತಿದ್ದದ್ದು "ತಾನ್" ಅನ್ನುವ ಒಂದೇ ಶಬ್ದ, ಆಸ್ಪತ್ರೆಯಲ್ಲಿ ಆತನಿಗೆ ಅದೇ ಹೆಸರಾಗಿತ್ತು. ಬೇರೆಯವರ ಮಾತು ಮಾತ್ರ ಆತನಿಗೆ ಅರ್ಥವಾಗುತ್ತಿತ್ತು. ಆತ ತೀರಿಕೊಂಡ ಮೇಲೆ ನೋಡಿದಾಗ ಎಡ ಮೆದುಳಿನ ಮುಂಭಾಗದಲ್ಲಿ ಗಾಯ ಕಂಡಿತು. 1874ರಲ್ಲಿ ಕಾರ್ಲ್ ವೆರ್ನಿಕೆ ಇದಕ್ಕೆ ತಿರುಗುಮುರುಗಾದ ತೊಂದರೆಯನ್ನು ವಿವರಿಸಿದರು: ಗಾಯ ಇನ್ನೂ ಹಿಂದೆ ಆದರೆ ರೋಗಿ ನಿಲ್ಲಿಸದೆ ಮಾತಾಡುತ್ತಾರೆ, ಆದರೆ ಮಾತಿಗೆ ಅರ್ಥ ಇರಲ್ಲ, ನಾವು ಹೇಳಿದ್ದೂ ಅವರಿಗೆ ಹತ್ತಲ್ಲ. ನಿಮ್ಮ ತಂದೆಯವರ ಲಕ್ಷಣ ಬ್ರೋಕಾ ಹೇಳಿದ್ದಕ್ಕೆ ಹತ್ತಿರ ಇದೆ.

ಬೈಗುಳ ಸರಾಗವಾಗಿ ಬರುವುದು ತುಂಬ ಕಡೆ ಕಾಣುವ ಸಂಗತಿ. ಬೈಗುಳ, ಒಂದು ಎರಡು ಮೂರು ಅಂತ ಎಣಿಸುವುದು, ಬಾಯಿಪಾಠ ಆದ ಹಾಡು, ಇವೆಲ್ಲ ಪದ ಹುಡುಕಿ, ಜೋಡಿಸಿ ಆಡುವ ಮಾತಿನ ಥರ ಅಲ್ಲ. ಎಡಗಡೆ ಗಾಯ ಆದರೂ ಇವು ಎಷ್ಟೋ ಸಲ ಉಳಿದುಕೊಳ್ಳುತ್ತವೆ. ದಯವಿಟ್ಟು ಅದನ್ನು ನೋಡಿ "ಬೇಕು ಅಂದಾಗ ಮಾತ್ರ ಮಾತಾಡ್ತಾರೆ" ಅಂದುಕೊಳ್ಳಬೇಡಿ.

ಬುದ್ಧಿಯ ವಿಷಯ: ಭಾಷೆ ಹೋಯಿತು ಅಂದರೆ ಬುದ್ಧಿ ಹೋಯಿತು ಅಂತಲ್ಲ. ಹೇಳಬೇಕಾದ್ದು ಅವರ ಒಳಗೆ ಇದೆ, ಪದ ಕೈಗೆ ಸಿಗುತ್ತಿಲ್ಲ. ಇಂಥವರ ಎದುರೇ ಕುಳಿತು, ಅವರು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಮನೆಯವರು ಅವರ ಬಗ್ಗೆ ಮಾತಾಡುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಅವರಿಗೆ ಕೇಳಿಸುತ್ತದೆ, ಅರ್ಥವೂ ಆಗುತ್ತದೆ.

ಮಾತು ವಾಪಸ್ ಬರುವ ಸಾಧ್ಯತೆ ಇದೆ, ಎಷ್ಟು ಬರುತ್ತದೆ ಅನ್ನೋದು ಗಾಯದ ಜಾಗ ಮತ್ತು ಅಳತೆಯ ಮೇಲೆ. ಸತ್ತ ನರಕೋಶ ಮತ್ತೆ ಹುಟ್ಟಿ ಬರಲ್ಲ. ಆದರೆ ಗಾಯದ ಸುತ್ತಲಿನ ಊತ ಇಳಿಯುತ್ತದೆ, ಉಳಿದ ಭಾಗಗಳು ಹೊಸ ಸಂಪರ್ಕ ಬೆಳೆಸಿಕೊಂಡು ಆ ಕೆಲಸದಲ್ಲಿ ಒಂದಿಷ್ಟನ್ನು ವಹಿಸಿಕೊಳ್ಳುತ್ತವೆ. ಮೊದಲ ಕೆಲವು ತಿಂಗಳಲ್ಲಿ ಸುಧಾರಣೆ ಜೋರಾಗಿರುತ್ತದೆ, ಆಮೇಲೆ ನಿಧಾನ. ನಿಧಾನ ಅಂದರೆ ನಿಂತುಹೋಯಿತು ಅಂತಲ್ಲ, ವರ್ಷದ ಮೇಲೂ ಸ್ಪೀಚ್ ಥೆರಪಿಯಿಂದ ಲಾಭ ಆಗುವುದುಂಟು. ಎರಡು ತಿಂಗಳಾಗಿದೆ ಅಷ್ಟೇ, ಇನ್ನೂ ಥೆರಪಿ ಶುರು ಮಾಡಿಲ್ಲದಿದ್ದರೆ ಈ ವಾರವೇ ಮಾಡಿ.

ಮನೆಯಲ್ಲಿ ಟಿವಿ ಆಫ್ ಮಾಡಿ ಎದುರು ಕುಳಿತು ಮಾತಾಡಿ. ಒಂದು ಸಲಕ್ಕೆ ಒಂದೇ ವಿಷಯ. "ಏನು ಬೇಕಪ್ಪಾ?" ಅನ್ನುವುದಕ್ಕಿಂತ ಎರಡು ಬಟ್ಟೆ ಕೈಯಲ್ಲಿ ಹಿಡಿದು "ಇದಾ, ಇದಾ?" ಅಂತ ಕೇಳಿದರೆ ಅವರಿಗೆ ಸುಲಭ. ಉತ್ತರಕ್ಕೆ ಕಾಯಿರಿ, ನಿಮಗೆ ಕಷ್ಟ ಅನ್ನಿಸುವಷ್ಟು ಹೊತ್ತು ಕಾಯಿರಿ, ಅವರು ಪದ ಹುಡುಕುತ್ತಿರುವಾಗ ನೀವೇ ಹೇಳಿ ಮುಗಿಸಬೇಡಿ. ಕೈಸನ್ನೆ, ಚಿತ್ರ, ತಲೆ ಆಡಿಸುವುದು ಎಲ್ಲವನ್ನೂ ಮಾತು ಅಂತಲೇ ಲೆಕ್ಕ ಹಾಕಿ.

ಇನ್ನೊಂದು ಮುಖ್ಯ ಮಾತು. ಒಮ್ಮೆ ಸ್ಟ್ರೋಕ್ ಆದವರಿಗೆ ಮತ್ತೆ ಆಗುವ ಅಪಾಯ ಜಾಸ್ತಿ. ಬಿಪಿ ಮಾತ್ರೆ, ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟ ಮಾತ್ರೆ, ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಇದ್ದಕ್ಕಿದ್ದ ಹಾಗೆ ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತೋಕೆ ಆಗದಿದ್ದರೆ, ಮಾತು ತೊದಲಿದರೆ, ಸರಿ ಹೋಗುತ್ತದೇನೋ ಅಂತ ನೋಡುತ್ತಾ ಕೂರಬಾರದು. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಕೊಡುವುದು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ಚಿಕಿತ್ಸೆ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ಲೆಕ್ಕ ಇದೆ.

ಪ್ರಶ್ನೆ: ನಾವು ಮೆದುಳಿನ ಹತ್ತು ಪರ್ಸೆಂಟ್ ಮಾತ್ರ ಬಳಸ್ತೀವಂತೆ, ನಿಜನಾ?

ಸುಳ್ಳು. ಮೆದುಳಿನ ತೂಕ ದೇಹದ ಶೇ 2ರಷ್ಟು, ಆದರೆ ಸುಮ್ನೆ ಕೂತಿದ್ದಾಗಲೂ ದೇಹದ ಶಕ್ತಿಯ ಸುಮಾರು ಶೇ 20ನ್ನು ಅದೊಂದೇ ಖರ್ಚು ಮಾಡುತ್ತದೆ. ಸುಮಾರು 8,600 ಕೋಟಿ ನರಕೋಶಗಳು ಅದರಲ್ಲಿವೆ. ಒಂಬತ್ತು ಪಾಲು ಕೆಲಸಕ್ಕೆ ಬಾರದ್ದಾಗಿದ್ದರೆ ಹೆಚ್ಚಿನ ಸ್ಟ್ರೋಕ್‌ಗಳಲ್ಲಿ ಯಾರಿಗೂ ಏನೂ ಆಗಬಾರದಿತ್ತು, ಅಲ್ವಾ? ಮೇಲಿನ ಪ್ರಶ್ನೆ ಕೇಳಿದವರಿಗೆ ಗೊತ್ತು, ಹಾಗಿಲ್ಲ.

ಪ್ರಶ್ನೆ: ಅಮ್ಮನಿಗೆ 72 ವರ್ಷ. ಶಾಲೆಯ ಗೆಳತಿಯರ ಹೆಸರೆಲ್ಲ ಹೇಳುತ್ತಾರೆ, ಬೆಳಿಗ್ಗೆ ಯಾರು ಫೋನ್ ಮಾಡಿದ್ರು ಅಂದ್ರೆ ಗೊತ್ತಿಲ್ಲ ಅಂತಾರೆ. ನಾಟಕ ಅಂತ ಅಣ್ಣ ರೇಗುತ್ತಾನೆ.

ನಾಟಕ ಅಲ್ಲ ಅಂತ ಅಣ್ಣನಿಗೆ ಹೇಳಿ. ಹೊಸ ನೆನಪು ಕೂಡಿಡುವ ಜಾಗ ಬೇರೆ, ಹಳೆಯದು ಉಳಿದುಕೊಂಡಿರುವ ಜಾಗ ಬೇರೆ. ಇದು ಖಚಿತವಾಗಿ ಗೊತ್ತಾಗಿದ್ದು ಹೆನ್ರಿ ಮೊಲೈಸನ್ ಅನ್ನುವ ಒಬ್ಬ ಮನುಷ್ಯನಿಂದ. 1953ರಲ್ಲಿ, 27ನೇ ವಯಸ್ಸಿನಲ್ಲಿ, ತಡೆಯಲಾರದ ಮೂರ್ಛೆರೋಗಕ್ಕೆ ಅಂತ ಅವರ ಮೆದುಳಿನ ಎರಡೂ ಪಕ್ಕದಿಂದ ಹೊಸ ನೆನಪು ಕೂಡಿಡುವ ಆ ಜಾಗದ, ಅಂದರೆ ಹಿಪೊಕ್ಯಾಂಪಸ್‌ನ, ಬಹುಭಾಗ ಮತ್ತು ಅದರ ಅಕ್ಕಪಕ್ಕದ ಭಾಗಗಳನ್ನು ತೆಗೆದರು. ಫಿಟ್ಸ್ ಕಡಿಮೆಯಾಯಿತು. ಆದರೆ 2008ರಲ್ಲಿ ತೀರಿಕೊಳ್ಳುವ ತನಕ ಅವರಲ್ಲಿ ಹೊಸ ಘಟನೆಯ ನೆನಪು ನಿಲ್ಲಲಿಲ್ಲ. ದಶಕಗಳ ಕಾಲ ಅವರನ್ನು ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಪ್ರತಿ ಸಲವೂ ಅವರಿಗೆ ಹೊಸಬರೇ. ಆದರೆ ಬಾಲ್ಯದ ನೆನಪು ಉಳಿದಿತ್ತು.

ಅದಕ್ಕಿಂತ ಆಶ್ಚರ್ಯದ್ದು ಇನ್ನೊಂದು. ಕನ್ನಡಿಯಲ್ಲಿ ಮಾತ್ರ ಕೈ ನೋಡುತ್ತಾ ನಕ್ಷತ್ರದ ಗೆರೆ ಎಳೆಯುವ ಒಂದು ಪರೀಕ್ಷೆ ಇದೆ, ಯಾರಿಗೇ ಆದರೂ ಮೊದಮೊದಲು ಕೈ ದಿಕ್ಕು ತಪ್ಪುತ್ತದೆ. ಮೊಲೈಸನ್ ದಿನದಿಂದ ದಿನಕ್ಕೆ ಇದರಲ್ಲಿ ಪಳಗಿದರು, ಹಿಂದೆ ಇದನ್ನು ಮಾಡಿದ್ದೇ ನೆನಪಿಲ್ಲ ಅನ್ನುತ್ತಲೇ! ಕೈಯ ಕಸುಬು ಕಲಿಯುವುದಕ್ಕೆ ಮೆದುಳಿನಲ್ಲಿ ಬೇರೆ ದಾರಿ ಇದೆ ಅಂತ ಹೀಗೆ ಗೊತ್ತಾಯಿತು.

ಮರೆವು ಹೆಚ್ಚುತ್ತಾ ಹೋಗುವ ಆಲ್ಜೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಹಾಳಾಗುವ ಜಾಗಗಳಲ್ಲಿ ಹಿಪೊಕ್ಯಾಂಪಸ್ ಒಂದು. ಹಾಗಂತ ನಿಮ್ಮ ಅಮ್ಮನಿಗೆ ಅದೇ ಅಂತ ನಾನು ಇಲ್ಲಿಂದ ಹೇಳಲಾರೆ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆ, ಕೆಲವು ನಿದ್ದೆ ಮಾತ್ರೆ, ಎಲ್ಲದರಿಂದಲೂ ಮರೆವು ಬರಬಹುದು, ಇವಕ್ಕೆಲ್ಲ ಚಿಕಿತ್ಸೆ ಇದೆ. ಕಿವಿ ಮಂದ ಆಗಿದ್ದರೆ ಮಾತು ಒಳಗೇ ಹೋಗಿರುವುದಿಲ್ಲ, ಅದನ್ನೂ ನೋಡಿಸಿ. ಫೋನ್ ಮಾಡಿದವರ ಹೆಸರು ಮರೆತು ಆಮೇಲೆ ನೆನಪಾದರೆ ಅಷ್ಟು ಚಿಂತೆ ಬೇಡ. ಫೋನ್ ಬಂದದ್ದೇ ಅಳಿಸಿಹೋಗಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮನೆಯಲ್ಲಿ "ಹೇಳಿ ನೋಡೋಣ, ಯಾರು ಬಂದಿದ್ರು?" ಅಂತ ಪರೀಕ್ಷೆ ಮಾಡೋದು ಮಾತ್ರ ಬೇಡ.

ಪ್ರಶ್ನೆ: ರಾತ್ರಿ ಬಲಗೈ ಮರಗಟ್ಟಿ ಎಚ್ಚರ ಆಗುತ್ತದೆ, ಕೊಡವಿದರೆ ಸರಿಹೋಗುತ್ತದೆ. ನರಕ್ಕೆ ಅಂತ ವಿಟಮಿನ್ ಮಾತ್ರೆ ತಗೊಳ್ತಿದ್ದೇನೆ, ಕಡಿಮೆ ಆಗಿಲ್ಲ.

ಯಾವ ಬೆರಳು ಅಂತ ಬರೆದಿದ್ದರೆ ಚೆನ್ನಾಗಿತ್ತು. ಇವತ್ತು ರಾತ್ರಿ ಎಚ್ಚರ ಆದಾಗ ನೋಡಿಕೊಳ್ಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಜೊತೆಗೆ ಉಂಗುರ ಬೆರಳಿನ ಅರ್ಧ, ಅದೂ ನಡುಬೆರಳಿನ ಕಡೆಯ ಅರ್ಧ ಮಾತ್ರ ಜೋಮು ಹಿಡಿದು, ಕಿರುಬೆರಳು ಸರಿಯಾಗಿದ್ದರೆ ತೊಂದರೆ ಹೆಚ್ಚಾಗಿ ಮಣಿಕಟ್ಟಿನಲ್ಲಿ. ಒಂದೇ ಬೆರಳಿನ ಎರಡು ಪಕ್ಕಕ್ಕೆ ಎರಡು ಬೇರೆ ನರ ಬರುತ್ತದೆ, ಆ ಗೆರೆ ಇಷ್ಟು ನಿಖರ. ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳ ಜೊತೆ ಮೀಡಿಯನ್ ಅನ್ನುವ ನರ ಹಾದುಹೋಗುತ್ತದೆ. ನಿದ್ದೆಯಲ್ಲಿ ಮಣಿಕಟ್ಟು ಮಡಿಚಿಕೊಂಡಾಗ ಅದು ಒತ್ತಿಕೊಳ್ಳುತ್ತದೆ. ಥೈರಾಯ್ಡ್ ಕಡಿಮೆ ಇದ್ದವರಿಗೆ, ಶುಗರ್ ಇದ್ದವರಿಗೆ, ಬಸುರಿಯರಿಗೆ ಇದು ಜಾಸ್ತಿ. ರಾತ್ರಿ ಮಣಿಕಟ್ಟನ್ನು ನೇರ ಹಿಡಿಯುವ ಪಟ್ಟಿ ಕಟ್ಟಿಕೊಂಡು ಮಲಗಿದರೆ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ.

ಕಿರುಬೆರಳು ಮತ್ತು ಉಂಗುರ ಬೆರಳಿನ ಆಚೆ ಅರ್ಧ ಆದರೆ ಒತ್ತಡ ಹೆಚ್ಚಾಗಿ ಮೊಣಕೈಯಲ್ಲಿ, ಬಡಿದರೆ ಕರೆಂಟ್ ಹೊಡೆದ ಹಾಗಾಗುವ ಜಾಗದಲ್ಲೇ. ಕತ್ತು ತಿರುಗಿಸಿದಾಗ ತೋಳಿನುದ್ದಕ್ಕೂ ಇಳಿದರೆ ಕತ್ತಿನಲ್ಲಿ. ಎರಡೂ ಪಾದದಿಂದ ಶುರುವಾಗಿ ಮೇಲೇರಿದರೆ ಶುಗರ್, ಬಿ12 ನೋಡಬೇಕು, ಯಾಕಂದ್ರೆ ಅಂಥ ಕಾಯಿಲೆ ಉದ್ದದ ನರಗಳನ್ನು ಮೊದಲು ಹಿಡಿಯುತ್ತದೆ.

ವಿಟಮಿನ್ ಮಾತ್ರೆ ಕೊರತೆ ಇದ್ದರೆ ಮಾತ್ರ ಕೆಲಸ ಮಾಡುತ್ತದೆ, ಒತ್ತಿಕೊಂಡ ನರವನ್ನು ಅದು ಬಿಡಿಸಲ್ಲ. ನಿಮ್ಮ ಮಾತ್ರೆಯಲ್ಲಿ ಬಿ6 ಎಷ್ಟಿದೆ ಅಂತ ಡಾಕ್ಟರಿಗೆ ತೋರಿಸಿ, ಹೆಚ್ಚು ಪ್ರಮಾಣದಲ್ಲಿ ಬಹಳ ದಿನ ತೆಗೆದುಕೊಂಡರೆ ಬಿ6 ತಾನೇ ನರ ಹಾಳುಮಾಡುತ್ತದೆ. ಹೆಬ್ಬೆರಳಿನ ಬುಡದ ಮಾಂಸ ಇಳಿದಿದ್ದರೆ, ಗುಂಡಿ ಹಾಕುವಾಗ ಕೈ ಜಾರುತ್ತಿದ್ದರೆ ತಡ ಮಾಡಬೇಡಿ. ನರದಲ್ಲಿ ಸಂಕೇತ ಎಷ್ಟು ವೇಗವಾಗಿ ಹೋಗುತ್ತಿದೆ ಅಂತ ಅಳೆಯುವ ಪರೀಕ್ಷೆ ಮಾಡುತ್ತಾರೆ, ಬೇಕಾದರೆ ಮಣಿಕಟ್ಟಿನೊಳಗೆ ಸುರಂಗದ ಚಾವಣಿಯಂತಿರುವ ಗಟ್ಟಿ ಅಂಗಾಂಶವನ್ನು ಸಣ್ಣ ಆಪರೇಷನ್ ಮಾಡಿ ಬಿಡಿಸುತ್ತಾರೆ. ಕೈಕಾಲಿನ ನರತಂತು ತುಂಡಾದರೆ ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ಹಾಗಾಗಿ ಅಲ್ಲಿಯ ತನಕ ಬಿಡಬಾರದು.

ಜೋಮಿನ ಜೊತೆ ಎರಡೂ ಕಾಲಿನ ಶಕ್ತಿ ಕುಂದಿ, ಮೂತ್ರದ ಹಿಡಿತವೂ ತಪ್ಪಿದರೆ ಅದು ಬೆನ್ನುಹುರಿ ಅಥವಾ ಅದರ ಕೆಳತುದಿಯ ನರಬೇರುಗಳು ಒತ್ತಿಕೊಂಡಿರುವ ಸೂಚನೆ ಇರಬಹುದು. ಆಗ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.