ಎಂಜಿಬಿ ಕಾರಿನ ಹೀಟರ್ ಕೋರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಧಾರವಾಡದವನು, ಹತ್ತು ವರ್ಷಗಳಿಂದ ಇಂಗ್ಲೆಂಡಿನಲ್ಲಿ ನೆಲೆಸಿದ್ದೇನೆ. ಕಳೆದ ವರ್ಷ 1972ರ ಎಂಜಿಬಿ ರೋಡ್‌ಸ್ಟರ್ ಕಾರೊಂದನ್ನು (ಬಟ್ಟೆಯ ಛಾವಣಿಯ, ಎರಡು ಸೀಟಿನ ಬ್ರಿಟಿಷ್ ಕಾರು) ಕೊಂಡೆ. ಹೀಟರ್ ಹಾಕಿದರೆ ಮುಂದಿನ ಗಾಜಿನ ಒಳಮೈಗೆ ಜಿಡ್ಡುಜಿಡ್ಡಾದ ಮಂಜು ಕಟ್ಟುತ್ತದೆ. ಪಕ್ಕದ ಸೀಟಿನ ಕಾಲಡಿಯ ಕಾರ್ಪೆಟ್ ಒಣಗುವುದೇ ಇಲ್ಲ. ಹೀಟರ್ ಕೋರ್, ಅಂದರೆ ಎಂಜಿನ್ನಿನ ಬಿಸಿ ದ್ರವ ಹರಿದು ಒಳಗಿನ ಗಾಳಿಯನ್ನು ಬಿಸಿಮಾಡುವ ಭಾಗ, ಹೋಗಿದೆ ಎಂದು ಇಲ್ಲಿನ ಮೆಕ್ಯಾನಿಕ್ ಹೇಳಿದರು. ಅವರು ಕೇಳುವ ಕೂಲಿ ಬಿಡಿಭಾಗದ ಬೆಲೆಯ ಹಲವು ಪಟ್ಟಿದೆ. ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ?
– ಓದುಗರೊಬ್ಬರು, ಬರ್ಮಿಂಗ್‌ಹ್ಯಾಮ್

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ಕಾರ್ಪೆಟ್ ಒದ್ದೆಮಾಡುತ್ತಿರುವ ನೀರು ಎಲ್ಲಿಯದು ಎಂಬುದನ್ನು ದಯವಿಟ್ಟು ಖಚಿತಪಡಿಸಿಕೊಳ್ಳಿ. ಎಂಜಿಬಿಯಲ್ಲಿ ಮುಂದಿನ ಗಾಜಿನ ಬುಡಕ್ಕೆ ಗಾಳಿ ಒಳಹೋಗುವ ಜಾಲರಿಯೊಂದಿದೆ. ಅದರ ಮೂಲಕ ಇಳಿಯುವ ಮಳೆನೀರು ಒಳಗಿನ ತೊಟ್ಟಿಯಂತಹ ಜಾಗದಲ್ಲಿ ಸೇರಿ, ರಬ್ಬರ್ ಕೊಳವೆಯೊಂದರಿಂದ ಕಾರಿನ ತಳಕ್ಕೆ ಹರಿದುಹೋಗಬೇಕು. ಒಣಗಿದ ಎಲೆ ಮತ್ತು ಮಣ್ಣು ತುಂಬಿ ಆ ಕೊಳವೆ ಕಟ್ಟಿಕೊಂಡರೆ, ನೀರು ಉಕ್ಕಿ ಕಾರಿನೊಳಗೇ ಇಳಿಯುತ್ತದೆ. ಈ ಕೊಳವೆ ಕಟ್ಟಿದ್ದನ್ನು ಅರಿಯದೆ, ಚೆನ್ನಾಗಿಯೇ ಇದ್ದ ಕೋರನ್ನು ಬಿಚ್ಚಿ ಹೊಸದನ್ನು ಕೂರಿಸಿ, ಮರುವಾರದ ಮಳೆಗೆ ಮತ್ತೆ ಒದ್ದೆ ಕಾರ್ಪೆಟ್ ನೋಡಿ ಕುಗ್ಗಿಹೋದವರನ್ನು ನಾನು ಬಲ್ಲೆ. ಆದ್ದರಿಂದ ಬಿಳಿಯ ಬಟ್ಟೆಯೊಂದನ್ನು ಕಾರ್ಪೆಟ್ಟಿಗೆ ಒತ್ತಿ ನೋಡಿ. ಬಟ್ಟೆಗೆ ಬಣ್ಣ ಹತ್ತಿ, ಬೆರಳಿಗೆ ಜಾರುವಂತಿದ್ದು, ಸಿಹಿ ವಾಸನೆ ಬಂದರೆ ಅದು ಕೂಲಂಟ್, ಅಂದರೆ ಎಂಜಿನ್ ತಂಪಾಗಿಸುವ ದ್ರವ. ಬರಿಯ ನೀರಾಗಿದ್ದರೆ ಮೊದಲು ಕೊಳವೆ ಶುಚಿಮಾಡಿ. ಗಾಜಿನ ಮೇಲಿನ ಮಂಜು ಜಿಡ್ಡಾಗಿದೆ ಎಂದು ನೀವು ಬರೆದಿರುವುದರಿಂದ ನಿಮ್ಮ ಮೆಕ್ಯಾನಿಕ್ ಹೇಳಿದ್ದು ನಿಜವೇ ಇರಬೇಕು. ದುರಸ್ತಿಯಾಗುವವರೆಗೆ ಹೀಟರ್ ಹಾಕದಿರಿ, ಮಂಜು ಕಟ್ಟುವ ಹವೆಯಲ್ಲಿ ಕಾರನ್ನು ಹೊರಗೆ ತೆಗೆಯದಿರಿ.

ಇನ್ನು ಕೆಲಸದ ವಿಷಯ. ಕೋರ್ ಎಂಬುದು, ಇಂಗ್ಲೆಂಡಿನ ಅಂಗಡಿಗಳಲ್ಲಿ ಮ್ಯಾಟ್ರಿಕ್ಸ್ ಎಂದು ಕೇಳಬೇಕಾದ ವಸ್ತು, ಒಂದು ಪುಟ್ಟ ರೇಡಿಯೇಟರ್ ಅಷ್ಟೇ. ಅದನ್ನು ಬದಲಿಸಲು ಕೆಲವೇ ನಿಮಿಷ ಸಾಕು; ಅದು ಕುಳಿತಿರುವ ತಗಡಿನ ಹೀಟರ್ ಪೆಟ್ಟಿಗೆಯನ್ನು ಹೊರಗೆ ತೆಗೆಯಲು ಮಾತ್ರ ಇಡೀ ದಿನ ಹಿಡಿಯಬಹುದು. ಎಂಜಿನ್ ತಣ್ಣಗಿರುವಾಗ, ಹೀಟರಿಗೆ ಕೂಲಂಟ್ ಬಿಡುವ ಹೀಟರ್ ವಾಲ್ವನ್ನು ತೆರೆದಿಟ್ಟು ಕೂಲಂಟ್ ಇಳಿಸಿಕೊಳ್ಳಿ. ಸುಮಾರು ಐದೂವರೆ ಲೀಟರ್ ಬರುತ್ತದೆ. ಅದನ್ನು ಮುಚ್ಚಳವಿರುವ ಡಬ್ಬಿಯಲ್ಲೇ ಇಡಿ, ಏಕೆಂದರೆ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ್ದರಿಂದ ನಾಯಿ ಬೆಕ್ಕುಗಳು ನೆಕ್ಕುತ್ತವೆ, ಮತ್ತು ಅದು ಅವುಗಳಿಗೆ ಪ್ರಾಣಾಂತಕ ವಿಷ. ಬ್ಯಾಟರಿಯ ಸಂಪರ್ಕವನ್ನೂ ತಪ್ಪಿಸಿ. ನಿಮ್ಮ ಕಾರಿನಲ್ಲಿ ಆರು ವೋಲ್ಟಿನ ಎರಡು ಬ್ಯಾಟರಿಗಳು ಸೀಟುಗಳ ಹಿಂದೆ ನೆಲದಡಿಯಲ್ಲಿರುತ್ತವೆ. ಹಿಂಜ್ ಕೂತಿದ್ದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಕೊಂಡು ಬಾನೆಟ್ಟನ್ನೇ ಕಳಚಿಟ್ಟರೆ ಬೆನ್ನಿಗೆ ಬಹಳ ಹಿತ.

ಪೆಟ್ಟಿಗೆಗೆ ಬರುವ ಎರಡು ಹೋಸ್‌ಗಳು ವರ್ಷಗಳಿಂದ ಅಂಟಿಕೊಂಡು ಕಲ್ಲಾಗಿರುತ್ತವೆ. ಅವುಗಳನ್ನು ತಿರುಚಿ ಎಳೆಯಬೇಡಿ. ಚೂಪಾದ ಚಾಕುವಿನಿಂದ ಉದ್ದಕ್ಕೆ ಸೀಳಿ, ಬಾಳೆಕಾಯಿಯ ಸಿಪ್ಪೆಯಂತೆ ಸುಲಿದು ತೆಗೆಯಿರಿ. ಹೇಗೂ ಹೊಸ ಹೋಸ್ ಹಾಕಬೇಕು, ಮತ್ತು ಹಳೆಯ ಕೋರನ್ನು ರೇಡಿಯೇಟರ್ ಅಂಗಡಿಯಲ್ಲಿ ದುರಸ್ತಿ ಮಾಡಿಸುವ ಯೋಚನೆಯಿದ್ದರೆ ಅದರ ಬೆಸುಗೆ ಹಾಕಿದ ಕೊಳವೆಗಳು ಉಳಿಯಬೇಕು. ಆಮೇಲೆ ಕಾರಿನೊಳಗೆ ಕುಳಿತು, ಡ್ಯಾಶ್‌ಬೋರ್ಡಿನ ಅಡಿಯಿಂದ ಗಾಜಿಗೆ ಬಿಸಿಗಾಳಿ ಒಯ್ಯುವ ಎರಡು ಕೊಳವೆಗಳನ್ನು ಮತ್ತು ಗಾಳಿಯ ತಡೆಹಲಗೆಗೆ ಕಟ್ಟಿದ ಕೇಬಲನ್ನು ಬಿಡಿಸಬೇಕು. ಕೈಗೆ ದಾರಿ ಸಿಗುವುದಿಲ್ಲ. ಮಧ್ಯದ ಕನ್ಸೋಲನ್ನು ಮೊದಲೇ ಕಳಚಿದರೆ ಅರ್ಧ ಕಷ್ಟ ಕಡಿಮೆ. ಸ್ಕ್ರೂಗಳನ್ನು ಬಿಚ್ಚಿ, ಫ್ಯಾನ್ ಮೋಟಾರಿನ ವೈರುಗಳನ್ನು ಬಿಡಿಸಿದ ಮೇಲೂ ಪೆಟ್ಟಿಗೆ ಅಲುಗಾಡುವುದಿಲ್ಲ, ಏಕೆಂದರೆ ತಳದ ಸೀಲು ಬೆಲ್ಲದ ಪಾಕದಂತೆ ಹಿಡಿದುಕೊಂಡಿರುತ್ತದೆ. ಇಲ್ಲಿ ತಾಳ್ಮೆ ಬೇಕು. ಕಬ್ಬಿಣದ ಸಲಾಕೆಯಿಂದ ಮೀಟಿದರೆ ತಗಡು ಸೊಟ್ಟಗಾಗುತ್ತದೆ. ಎರಡೂ ಕೈಗಳಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ಅಲ್ಲಾಡಿಸುತ್ತ ಹೋದರೆ ಸೀಲು ತಾನಾಗಿ ಬಿಡುತ್ತದೆ.

ಪೆಟ್ಟಿಗೆ ಕೈಗೆ ಬಂತೆಂದು ಕೋರ್ ಒಂದನ್ನೇ ಬದಲಿಸಿ ಮತ್ತೆ ಕೂರಿಸಬೇಡಿ ಎಂಬುದೇ ನಾನು ಒತ್ತಿ ಹೇಳಬೇಕಾದ ಮಾತು. ನಾನು ಮೊದಲ ಬಾರಿ ಇಂತಹ ಪೆಟ್ಟಿಗೆ ತೆರೆದಾಗ, ಕೋರಿನ ಸುತ್ತ ಒತ್ತಿ ಕೂರಿಸಿದ್ದ ಸ್ಪಂಜು ಮುಟ್ಟಿದರೆ ಕರಿಯ ಪುಡಿಯಾಗಿ ಉದುರುತ್ತಿತ್ತು. ಸ್ಪಂಜಿಲ್ಲದಿದ್ದರೆ ಗಾಳಿಯು ಬಿಸಿಯಾದ ರೆಕ್ಕೆಗಳ ನಡುವೆ ಹಾಯದೆ ಅಂಚಿನ ಸಂದಿಯಿಂದ ತಪ್ಪಿಸಿಕೊಂಡು ಹೋಗುತ್ತದೆ, ಆಗ ಎಷ್ಟೇ ಹೊಸ ಕೋರ್ ಇದ್ದರೂ ಕಾಲಿಗೆ ಬರುವುದು ಉಗುರುಬೆಚ್ಚನೆಯ ಗಾಳಿ. ಎಂಜಿಬಿಯ ಹೀಟರ್ ದುರ್ಬಲ ಎಂಬ ಹಳೆಯ ದೂರಿಗೆ ಬಹುಪಾಲು ಇದೇ ಕಾರಣವೆಂದು ನಾನು ನಂಬಿದ್ದೇನೆ. ಎಲ್ಲ ಸ್ಪಂಜುಗಳನ್ನೂ, ತಳದ ಸೀಲನ್ನೂ, ಸದ್ದು ಮಾಡುವ ಫ್ಯಾನ್ ಮೋಟಾರನ್ನೂ ಈಗಲೇ ಬದಲಿಸಿ. ಪೆಟ್ಟಿಗೆಯ ತುಕ್ಕು ಉಜ್ಜಿ ಬಣ್ಣ ಬಳಿಯಿರಿ. ಎಂಜಿನ್ ಹೆಡ್ಡಿನ ಹಿಂಬದಿಯಲ್ಲಿರುವ ಹೀಟರ್ ವಾಲ್ವನ್ನೂ ಪರೀಕ್ಷಿಸಿ, ಅದರೊಳಗಿನ ರಬ್ಬರ್ ಪೊರೆ ಸೋರುವುದು ಸಾಮಾನ್ಯ. ಹೊಸ ಕೋರನ್ನು ಕೂರಿಸುವ ಮೊದಲು ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪಿನಿಂದ ಹಗುರವಾಗಿ ಗಾಳಿ ಕೊಟ್ಟು ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಿ; ಗುಳ್ಳೆ ಎದ್ದರೆ ಅಂಗಡಿಗೆ ಹಿಂತಿರುಗಿಸಲು ಅದೇ ಸರಿಯಾದ ಸಮಯ.

ಕೂಲಂಟಿಗೆ ಸೋರಿಕೆ ತಡೆಯುವ ಪುಡಿಯನ್ನು ಸುರಿಯಿರಿ ಎಂಬ ಸಲಹೆ ನಿಮಗೆ ಬಂದೇ ಬರುತ್ತದೆ. ದಯವಿಟ್ಟು ಒಪ್ಪಬೇಡಿ: ಆ ಪುಡಿ ತೂತಿಗಿಂತ ಮೊದಲು ಕೋರಿನ ಕಿರಿದಾದ ಕೊಳವೆಗಳನ್ನೇ ಕಟ್ಟಿಹಾಕುತ್ತದೆ. ಹಳೆಯ ಎಂಜಿನ್‌ಗೆ ಹೊಂದುವ ನೀಲಿ ಬಣ್ಣದ ಗ್ಲೈಕಾಲನ್ನು ನೀರಿನೊಂದಿಗೆ ಸಮಸಮ ಬೆರೆಸಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ವಾಲ್ವ್ ತೆರೆದಿಟ್ಟು ನಿಧಾನವಾಗಿ ತುಂಬಿಸಿ, ಎಂಜಿನ್ ಓಡಿಸಿ, ಎರಡು ಹೋಸ್‌ಗಳನ್ನೂ ಮುಟ್ಟಿ ನೋಡಿ. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಒಳಗೆ ಗಾಳಿ ನಿಂತಿದೆ ಅಥವಾ ದಾರಿ ಕಟ್ಟಿದೆ ಎಂದರ್ಥ. ಎರಡೂ ಬರೀ ಬೆಚ್ಚಗಿದ್ದರೆ, ಕೂಲಂಟ್ ಬಿಸಿಯಾದ ಮೇಲಷ್ಟೇ ತೆರೆಯಬೇಕಾದ ಥರ್ಮೋಸ್ಟಾಟ್ ತೆರೆದೇ ನಿಂತಿರಬಹುದು. 82 ಡಿಗ್ರಿಯದನ್ನು ಹಾಕಿಸಿ.

ಪ್ರಶ್ನೆ: ನನ್ನ ಎಂಜಿಬಿ ಇರುವುದು ಬೆಂಗಳೂರಿನಲ್ಲಿ. ಇಲ್ಲಿ ಹೀಟರ್ ಬೇಕಿಲ್ಲವಾದ್ದರಿಂದ ಸೋರುವ ಕೋರನ್ನು ತೆಗೆದು ಬಿಸಾಡಬಹುದೇ?
– ಓದುಗರೊಬ್ಬರು, ಜಯನಗರ

ಉತ್ತರ: ತಾತ್ಕಾಲಿಕವಾಗಿ ಎರಡು ಹೋಸ್‌ಗಳನ್ನೂ ಒಂದಕ್ಕೊಂದು ಜೋಡಿಸಿ ಕೋರನ್ನು ತಪ್ಪಿಸಿ ಓಡಿಸಬಹುದು, ಎಂಜಿನ್‌ಗೆ ಅದರಿಂದ ಹಾನಿಯಿಲ್ಲ. ಆದರೂ ಶಾಶ್ವತವಾಗಿ ತೆಗೆಯಲು ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಬಟ್ಟೆಯ ಛಾವಣಿ ಏರಿಸಿ ಇಬ್ಬರು ಕುಳಿತರೆ ಗಾಜು ಮಬ್ಬಾಗುತ್ತದೆ, ಅದನ್ನು ಬೇಗ ತಿಳಿಯಾಗಿಸುವುದು ಬಿಸಿಗಾಳಿಯೇ. ಬೇಸಿಗೆಯಲ್ಲಿ ಸಿಲ್ಕ್ ಬೋರ್ಡ್ ಬಳಿಯ ವಾಹನ ದಟ್ಟಣೆಯಲ್ಲಿ ತಾಪಮಾನದ ಮುಳ್ಳು ಏರತೊಡಗಿದಾಗ ಹೀಟರ್ ಮತ್ತು ಫ್ಯಾನನ್ನು ಪೂರ್ತಿ ತೆರೆದರೆ, ಒಳಗಿನವರು ಬೆವರಿದರೂ ಎಂಜಿನ್‌ನ ಬಿಸಿಯಲ್ಲಿ ಒಂದು ಪಾಲು ಆ ಪುಟ್ಟ ಕೋರಿನ ಮೂಲಕ ಹೊರಹೋಗುತ್ತದೆ. ಆದ್ದರಿಂದ ತಾಮ್ರದ ಕೆಲಸ ಬಲ್ಲ ರೇಡಿಯೇಟರ್ ಅಂಗಡಿಯವರಿಗೆ ಕೊಟ್ಟು ಬೆಸುಗೆ ಹಾಕಿಸಿ, ಮೇಲಿನ ಉತ್ತರದಲ್ಲಿ ಹೇಳಿದಂತೆ ನೀರಿನಲ್ಲಿ ಪರೀಕ್ಷಿಸಿ ಮರಳಿ ಕೂರಿಸಿಕೊಳ್ಳಿ.